ಬುಗುರಿ ಮೆಟ್ಟಿಲಿಳಿದದ್ದು

ನನ್ನ ತಂಗಿ ತೀರಿಕೊಂಡ ಸುದ್ದಿ ಬಂದಾಗ ನಾನು ಅವಳ ಮಗಳ ಎರಡು ಮೊಣಕಾಲುಗಳನ್ನು ಜೋಡಿಸಿ ಹಿಡಿದುಕೊಂಡಿದ್ದೆ.

ಬಸುರಿ ಹುಡುಗಿಗೆ ಎಂಟು ತಿಂಗಳು ತುಂಬಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಬೇಕಾದರೆ ಯಾರಾದರೂ ಹೀಗೆ ಹಿಡಿಯಬೇಕಿತ್ತು. ಒಂದು ಕಾಲು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದರೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯನ್ನು ಗರಗಸದಿಂದ ಕೊಯ್ದಂತಾಗುತ್ತದೆ ಎನ್ನುತ್ತಿದ್ದಳು. ಹುಟ್ಟುವ ಕೂಸಿಗೆ ದಾರಿಯಾಗಲೆಂದು ದೇವರು ಬಸುರಿಯ ಕಟಿಯ ಕೀಲುಗಳನ್ನು ಸಡಿಲಿಸುತ್ತಾನೆ. ಕೆಲವರಲ್ಲಿ ಆ ಕೀಲುಗಳು ಒಂದರ ಮಾತು ಇನ್ನೊಂದು ಕೇಳದೆ ತಮ್ಮತಮ್ಮಲ್ಲೇ ಎಳೆದಾಡುತ್ತವೆ. ಮಗುವಿಗೆ ಅಪಾಯವಿಲ್ಲ, ಯಾತನೆಯೆಲ್ಲ ತಾಯಿಗೆ ಎಂದು ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ತಿಳಿಸಿದ್ದರು. ಚಿಕ್ಕಂದಿನಲ್ಲಿ ನಿಂತಲ್ಲಿ ನಿಲ್ಲದೆ ತಿರುಗುತ್ತಿದ್ದುದರಿಂದ ಅವಳಿಗೆ ಮನೆಯವರೆಲ್ಲ ಬುಗುರಿ ಎಂದು ಹೆಸರಿಟ್ಟಿದ್ದೆವು. ಆ ಬುಗುರಿ ಈಗ ಹಾಸಿಗೆಯಲ್ಲಿ ಹೊರಳಲು ಇನ್ನೊಬ್ಬರ ಕೈ ಕಾಯುತ್ತಿತ್ತು.

ನಮ್ಮದು ಮನೆಸಾಮಾನು ಸಾಗಿಸುವ ಕಸುಬು. ಬೀರು, ಮಂಚ, ಮೇಜು ಹೊರುವುದು ನನ್ನ ತಮ್ಮನ ಪಾಲು. ಕನ್ನಡಿ, ಗಾಜು, ಪಿಂಗಾಣಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟುವುದು ತಂಗಿಯ ಪಾಲು. ಅವಳು ಕಟ್ಟಿದ ಕನ್ನಡಿ ಒಡೆದದ್ದಿಲ್ಲ. ಕನ್ನಡಿ ಸುತ್ತುವ ನುಣುಪಾದ ಬಟ್ಟೆಯೊಂದನ್ನೇ ತಂದು ಮಗಳ ಸೊಂಟದ ಕೆಳಗೆ ಹಾಸಿದ್ದಳು, ಹೊರಳುವಾಗ ಮೈ ಸಲೀಸಾಗಿ ಜಾರಲೆಂದು. ದಿನವೂ ಬೆಳಿಗ್ಗೆ ಲಿಫ್ಟ್ ಇಲ್ಲದ ಆ ಕಟ್ಟಡದ ನಾಲ್ಕನೆಯ ಮಹಡಿಗೆ ಹತ್ತಿ ಬಂದು ಮಗಳನ್ನು ಕೂರಿಸಿ, ಬಟ್ಟೆ ತೊಡಿಸಿ, ಊಟ ಮಾಡಿಸಿ ಇಳಿದು ಹೋಗುತ್ತಿದ್ದಳು. ಆ ದಿನ ಗೋದಾಮಿನಲ್ಲಿ ಕೆಲಸ ಹೆಚ್ಚಿದೆಯೆಂದು ನನ್ನನ್ನು ಕಳಿಸಿದ್ದಳು.

ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೆ. ತಮ್ಮ ಮಾತಾಡಿದ.

"ದೊಡ್ಡಕ್ಕ, ಬುಗುರಿ ಪಕ್ಕದಲ್ಲಿದ್ದಾಳಾ?"

"ಇದ್ದಾಳೆ."

"ಹಾಗಿದ್ರೆ ಸ್ವಲ್ಪ ಅಡುಗೆಮನೆಗೆ ಹೋಗು."

ಹೋಗುವುದಾದರೂ ಹೇಗೆ? ಅರ್ಧ ಹೊರಳಿದವಳನ್ನು ಬಿಟ್ಟರೆ ಕಾಲುಗಳು ಬೇರೆಯಾಗುತ್ತವೆ. "ಇಲ್ಲೇ ಹೇಳು" ಎಂದೆ. ಮೆಟ್ಟಿಲ ಮೇಲಿಂದ ಕೆಳಗಿನವರಿಗೆ ಕೂಗಿ ಕೂಗಿ ತಮ್ಮನ ದನಿ ಮೊದಲೇ ದೊಡ್ಡದು. ಚಿಕ್ಕಕ್ಕ ಗೋದಾಮಿನಲ್ಲಿ ಕನ್ನಡಿ ಸುತ್ತುತ್ತಿದ್ದವಳು ಹಾಗೇ ಕುಸಿದಳು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು ಎಂದು ಅವನು ಅಳುತ್ತಾ ಹೇಳಿದ್ದು ಹಾಸಿಗೆಯವರೆಗೂ ಕೇಳಿಸಿತು.

ಬುಗುರಿ ಕೂಗಲಿಲ್ಲ. "ದೊಡ್ಡಮ್ಮ, ಮೊದಲು ನನ್ನ ಪೂರ್ತಿ ತಿರುಗಿಸು" ಎಂದಳು. ತಿರುಗಿಸಿದೆ. ಗೋಡೆಯ ಕಡೆ ಮುಖವಾದ ಮೇಲೆ ಅತ್ತಳು. ಅಳುವಾಗ ಹೊಟ್ಟೆ ಕುಲುಕಿ ನೋವು ಬರುತ್ತಿತ್ತು. ನೋವಿಗೆ ಉಸಿರು ಹಿಡಿದರೆ ಅಳು ಗಂಟಲಲ್ಲೇ ನಿಲ್ಲುತ್ತಿತ್ತು. ಒಡಹುಟ್ಟಿದವಳಿಗಾಗಿ ನಾನು ಅಳುವುದನ್ನೂ ಮರೆತು ಆ ಬೆನ್ನು ಸವರುತ್ತಾ ಕುಳಿತೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು. "ಅಮ್ಮನ್ನ ಯಾವಾಗ ಕರ್ಕೊಂಡು ಹೋಗ್ತಾರೆ?"

ಅದು ನನಗೂ ಗೊತ್ತಿರಲಿಲ್ಲ. ತಮ್ಮ ಮತ್ತೆ ಫೋನು ಮಾಡಿದಾಗ ತಿಳಿಯಿತು. ಸ್ಮಶಾನದ ವಿದ್ಯುತ್ ಒಲೆ ಮರುದಿನದಿಂದ ದುರಸ್ತಿಗೆ ನಿಲ್ಲುತ್ತದೆ, ಆಸ್ಪತ್ರೆಯ ಶೈತ್ಯಕೋಣೆಯಲ್ಲಿ ಜಾಗವಿಲ್ಲ. ಆಸ್ಪತ್ರೆಯಿಂದ ಮಧ್ಯಾಹ್ನ ಹೊರಟು ಸ್ಮಶಾನದ ಬಾಗಿಲು ಹಾಕುವ ಮೊದಲೇ ತಲುಪಬೇಕು. ದಾರಿಯಲ್ಲಿ ಬುಗುರಿಯ ಬೀದಿಗೆ ಬಂದು ಕಟ್ಟಡದ ಬಾಗಿಲ ಮುಂದೆ ಸ್ವಲ್ಪ ನಿಲ್ಲಿಸಲು ಶವದ ಗಾಡಿಯವನನ್ನು ಒಪ್ಪಿಸಿದ್ದ.

"ಹಾಗಿದ್ರೆ ನಾನು ಕೆಳಗೆ ಬರ್ತೀನಿ" ಎಂದಳು ಬುಗುರಿ.

ಅವಳು ಆ ಮನೆಯ ಹೊಸಿಲು ದಾಟಿ ವಾರಗಳೇ ಆಗಿದ್ದವು. ಬಚ್ಚಲಿಗೆ ಹೋಗುವುದೇ ಒಂದು ಯಾತ್ರೆ. ಕಾಲೆತ್ತಿ ಇಡದೆ, ಅಂಗಾಲು ನೆಲಕ್ಕೆ ಸವರಿಕೊಂಡು, ಸೊಂಟದ ಕೆಳಗೆ ಅಗಲವಾದ ಪಟ್ಟಿ ಬಿಗಿದುಕೊಂಡು, ಗೋಡೆ ಹಿಡಿದು ಹೋಗಬೇಕು. ಒಂದೇ ಕಾಲ ಮೇಲೆ ಭಾರ ಬಿದ್ದರೆ ಮುಗಿಯಿತು. ಹಾಗಾಗಿ ಒಳಲಂಗವನ್ನೂ ಕುಳಿತೇ ತೊಡಬೇಕು. ಅಂಥವಳು ನಾಲ್ಕು ಮಹಡಿ ಇಳಿಯುವುದೆಂದರೆ?

ಬುಗುರಿಯ ಗಂಡ, ನಮ್ಮ ಅಳಿಯ, ಓಡಿ ಬಂದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವನಿಗೆ. ಒಳ್ಳೆಯ ಹುಡುಗ, ಸ್ವಲ್ಪ ಪುಕ್ಕಲ. ಹೆಂಡತಿಯ ಮಾತು ಕೇಳಿ ಮುಖ ಸುಣ್ಣವಾಯಿತು.

"ಬೇಡ. ಜಾರಿದ್ರೆ ಏನು ಗತಿ? ನಾನು ಕೆಳಗೆ ನಿಂತು ಫೋನಲ್ಲಿ ತೋರಿಸ್ತೀನಿ. ಎಲ್ಲಾ ಸರಿಯಾಗಿ ಕಾಣುತ್ತೆ."

"ನನ್ನ ಹೆತ್ತವಳನ್ನ ಅಂಗೈ ಅಗಲದ ಗಾಜಲ್ಲಿ ನೋಡಬೇಕಾ ರೀ?"

"ಹಾಗಲ್ಲ ಕಣೇ..."

"ಹಾಗಲ್ಲ ಅಂದ್ರೆ ಹೇಗೆ? ನಿಮ್ಮಮ್ಮ ಆಗಿದ್ರೆ ಫೋನಲ್ಲಿ ನೋಡಿ ಸುಮ್ನಿರ್ತಿದ್ರಾ?"

ಅವನು ನನ್ನ ಮುಖ ನೋಡಿದ. ನಾನು ಡಾಕ್ಟರಮ್ಮನಿಗೆ ಫೋನು ಮಾಡು ಎಂದೆ. ಅವರು ಕೇಳಿ, ಸ್ಪಷ್ಟವಾಗಿ ಹೇಳಿದರು. ನೋವಿನಿಂದ ಮಗುವಿಗೆ ಕೇಡಿಲ್ಲ, ಬಿದ್ದರೆ ಕೇಡು. ಕಾಲು ಅಗಲಿಸಬೇಡಿ, ಒಂದು ಪಕ್ಕಕ್ಕೆ ಭಾರ ಬಿಡಬೇಡಿ. ನೀರು ಹೋದರೆ, ರಕ್ತ ಕಂಡರೆ, ಹೊಟ್ಟೆ ಮತ್ತೆಮತ್ತೆ ಬಿಗಿದರೆ ನೇರ ಆಸ್ಪತ್ರೆಗೆ ಬನ್ನಿ. "ಅವರಿಗೆ ಹೋಗಬೇಕು ಅನ್ನಿಸಿದ್ರೆ ಬೇಡ ಅನ್ನೋಕೆ ನಾನ್ಯಾರು" ಎಂದೂ ಹೇಳಿದರು. ಅಳಿಯ ಅವಳ ಸೊಂಟದ ಪಟ್ಟಿ ಹುಡುಕಲು ಎದ್ದ.

ತಮ್ಮ ಬಂದ, ಜೊತೆಗೆ ಅವನ ಬಲಗೈಯಂತಿದ್ದ ಕೆಲಸದಾಳು. ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ತಮ್ಮ ಬುಗುರಿಯ ತಲೆಯ ಮೇಲೆ ಕೈಯಿಟ್ಟು, ಮೆಟ್ಟಿಲು ನೋಡಲು ಹೋದ. ಅವನಿಗೆ ದುಃಖ ಬಂದಾಗ ಕೈಗೆ ಕೆಲಸ ಬೇಕು. ಗೋಡೆಗೂ ಕಂಬಿಗೂ ನಡುವಿನ ಅಗಲವನ್ನು ಗೇಣಿನಿಂದ ಅಳೆದು ಬಂದ.

"ಕೈಕುರ್ಚಿಯಲ್ಲಿ ಕೂರಿಸಿ ಇಳಿಸೋಣ. ಪಟ್ಟಿ ಹಾಕ್ತೀನಿ, ಅಲ್ಲಾಡಲ್ಲ. ಮೂರನೇ ಮಹಡಿ ತಿರುವು ಒಂದು ಹಾಳಾದ್ದು. ಅದು ದಾಟಿದ್ರೆ ದೇವರಿದ್ದಾನೆ."

"ಹೆದರಬೇಡ ತಾಯಿ" ಎಂದ ಮೌನಿ. "ಒಂದ್ಸಲ ಇದೇ ಥರ ಮೆಟ್ಟಿಲಲ್ಲಿ ಪಿಯಾನೋ ಇಳಿಸಿದ್ವಿ. ಪಾಪ, ದಾರಿಯುದ್ದಕ್ಕೂ ಹಾಡ್ಕೊಂಡೇ ಇಳೀತು."

"ನಾನು ಹಾಡಲ್ಲ, ಬೈತೀನಿ."

"ಬೈಯಿ ತಾಯಿ. ನಿಮ್ಮಮ್ಮನ ಹತ್ರ ಬೈಸಿಕೊಂಡು ಬೆಳೆದ ಕಿವಿ ಇದು."

ಅಂದವನೇ ತಿರುಗಿ ಕಣ್ಣೊರೆಸಿಕೊಂಡ.

ಅಳಿಯನನ್ನು ಬೀದಿಬಾಗಿಲಿಗೆ ಕಳಿಸಿದೆವು, ಗಾಡಿ ಬಂದರೆ ತಡೆದು ನಿಲ್ಲಿಸಲು. ಬುಗುರಿಯ ಸೊಂಟದ ಪಟ್ಟಿಯನ್ನು ನಾನು ಬಿಗಿದೆ. ಮೊಣಕಾಲುಗಳ ನಡುವೆ ಚಿಕ್ಕ ದಿಂಬು ಇಟ್ಟು, ಸಾಮಾನು ಕಟ್ಟುವ ಅಗಲ ಪಟ್ಟಿಯಿಂದ ತೊಡೆಗಳನ್ನು ಸೇರಿಸಿ ಕಟ್ಟಿದೆವು. ಇನ್ನೊಂದು ಪಟ್ಟಿಯಿಂದ ಎದೆಯನ್ನು ಕುರ್ಚಿಯ ಬೆನ್ನಿಗೆ ಬಿಗಿದೆವು. ಕುರ್ಚಿ ಏರಿತು. ತಮ್ಮ ಮೇಲುಗಡೆ, ಮೌನಿ ಕೆಳಗಡೆ. ಒಂದೊಂದು ಮೆಟ್ಟಿಲಿಗೂ "ಹೂಂ" ಎನ್ನುತ್ತಾ ಇಳಿದರು. ಬುಗುರಿ ಕಣ್ಣು ಮುಚ್ಚಿ ಕೈ ಕಟ್ಟಿಕೊಂಡಿದ್ದಳು. ನಾನು ಹಿಂದೆ ಭಗವಂತನ ನಾಮ ಹೇಳಿಕೊಳ್ಳುತ್ತಾ ಇಳಿದೆ. ಮೊದಲ ಸಾಲು ನೀರಿನಂತೆ ಮುಗಿಯಿತು.

ತಿರುವಿನಲ್ಲಿ ಆಗಬಾರದ್ದು ಆಯಿತು. ಕುರ್ಚಿಯ ಕಾಲು ಕಂಬಿಗೆ ತಾಗಿತು. ಬೀರುವಾಗಲಿ ಮಂಚವಾಗಲಿ ಇಂಥ ಕಡೆ ಸಿಕ್ಕಿದರೆ ನಮ್ಮವರು ಯೋಚಿಸುವುದಿಲ್ಲ. ಆಯುಷ್ಯವೆಲ್ಲ ಮಾಡಿದ ಕೆಲಸ. ಕೈ ತಾನೇ ನಡೆಯುತ್ತದೆ.

"ವಾಲಿಸು!" ಎಂದ ತಮ್ಮ.

ಮೌನಿ ವಾಲಿಸಿದ. ಹುಡುಗಿಯ ಮೈಭಾರವೆಲ್ಲ ಒಂದು ಸೊಂಟದ ಮೇಲೆ ಬಿತ್ತು. ಆ ಕೂಗನ್ನು ನಾನು ಬರೆಯಲಾರೆ. ಅವಳು ಎರಡು ಕೈಯಿಂದ ಕಂಬಿಯನ್ನು ಹಿಡಿದುಬಿಟ್ಟಳು. ಕುರ್ಚಿ ಗೋಡೆಗೂ ಕಂಬಿಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಕೈ ಬಿಡು ಮಗಳೇ, ಒಂದೇ ಸಲ, ತಿರುಗಿಸಿಬಿಡ್ತೀನಿ!"

"ಮುಟ್ಟಬೇಡಿ ಮಾವ! ಮುಟ್ಟಬೇಡಿ!"

ಅತ್ತ ದರಿ ಇತ್ತ ಪುಲಿ ಎಂಬುದನ್ನು ಕಣ್ಣಾರೆ ಕಂಡೆ. ಆಗಲೇ ಕೆಳಗಿನಿಂದ ಅಳಿಯನ ಕೂಗು ಮೆಟ್ಟಿಲುಗಳ ನಡುವಿನಿಂದ ಏರಿ ಬಂತು. "ಗಾಡಿ ಬಂತು! ಹತ್ರ ಬಂದ್ರಾ?"

ಬುಗುರಿ ಹಲ್ಲು ಕಚ್ಚಿ ಉಸಿರು ಬಿಡುತ್ತಿದ್ದಳು. ಮೂಗಿನಿಂದ ಒಳಗೆ, ಬಾಯಿಯಿಂದ ಹೊರಗೆ, ಡಾಕ್ಟರಮ್ಮ ಕಲಿಸಿದಂತೆ. ಆಮೇಲೆ ಕಣ್ಣು ತೆರೆದಳು. ದನಿ ಬೇರೆಯಾಗಿತ್ತು, ಒಂದು ಗಳಿಗೆ ನನ್ನ ತಂಗಿಯೇ ಗೋದಾಮಿನಲ್ಲಿ ನಿಂತು ಆಳುಗಳಿಗೆ ಹೇಳಿದಂತೆ ಕೇಳಿಸಿತು.

"ಮಾವ, ಕುರ್ಚಿಯ ಹಿಂದಿನ ಕಾಲು ಎರಡೂ ಮೆಟ್ಟಿಲ ಮೇಲೆ ಊರಿ. ಸಮವಾಗಿ. ಮೌನಿ, ನೀನು ಮುಂದಿನದು ಹಿಡ್ಕೊಂಡೇ ಇರು. ದೊಡ್ಡಮ್ಮ, ಎದೆ ಪಟ್ಟಿ ಬಿಚ್ಚು. ನನ್ನ ಕುರ್ಚಿಯಿಂದ ಜಾರಿಸಿ ಮೆಟ್ಟಿಲ ಮೇಲೆ ಕೂರಿಸಿ. ಇನ್ನು ನಾನೇ ಇಳೀತೀನಿ."

"ಹೇಗೆ ಇಳೀತೀಯೇ?"

"ಕೂತ್ಕೊಂಡು. ಕೂಸುಗಳು ಇಳಿಯೋ ಹಾಗೆ. ಮೆಟ್ಟಿಲು ಹತ್ತಲೇಬೇಕಾದ್ರೆ ಕೂತೇ ಹತ್ತು ಅಂತ ಡಾಕ್ಟರಮ್ಮ ಹೇಳಿದ್ರು. ಹತ್ತೋಕೆ ಆದ್ರೆ ಇಳಿಯೋಕೂ ಆಗುತ್ತೆ."

ನಾವು ಹಾಗೆಯೇ ಮಾಡಿದೆವು. ಖಾಲಿಯಾದ ಕುರ್ಚಿಯನ್ನು ತಮ್ಮ ತಿರುವಿನ ಮೂಲೆಗೆ ತಳ್ಳಿದ. ಎದೆಯ ಪಟ್ಟಿಯನ್ನು ಅವಳ ಕಂಕುಳ ಕೆಳಗೆ ಸುತ್ತಿ, ತುದಿಯನ್ನು ಮೇಲಿನಿಂದ ತಾನು ಹಿಡಿದುಕೊಂಡ, ಭಾರದ ಪೆಟ್ಟಿಗೆಯನ್ನು ಇಳಿಬಿಡುವಾಗ ಹಿಡಿಯುವಂತೆ. ಮೌನಿ ಕೆಳಗೆ ಎದುರುಮುಖವಾಗಿ ನಿಂತ. ನಾನು ಅವಳ ಪಕ್ಕದಲ್ಲಿ ಕುಳಿತೆ. ಎರಡು ಕೈಗಳನ್ನು ಪಕ್ಕಕ್ಕೆ ಊರಿ, ಕಟ್ಟಿದ ಕಾಲುಗಳನ್ನು ಒಟ್ಟಿಗೆ ಕೆಳಗಿಟ್ಟು, ಮೈಯನ್ನು ಸ್ವಲ್ಪ ಎತ್ತಿ ಮುಂದಿನ ಮೆಟ್ಟಿಲಿಗೆ ಇಳಿಸುವುದು. ಆಮೇಲೆ ಉಸಿರು. ಆಮೇಲೆ ಇನ್ನೊಂದು. ಈ ವಯಸ್ಸಿನಲ್ಲಿ ನಾನೂ ಹಾಗೆಯೇ ಇಳಿದೆ. ನನ್ನ ಬೆನ್ನುಮೂಳೆ ಅಡಿಗಡಿಗೆ ಲೆಕ್ಕ ಕೇಳಿತು.

ಎರಡನೆಯ ಮಹಡಿಯ ಹತ್ತಿರ ಕೈಚೀಲ ಹಿಡಿದು ಮೇಲೆ ಬರುತ್ತಿದ್ದ ಒಬ್ಬರು ನಮ್ಮ ಮೆರವಣಿಗೆ ಕಂಡು ಬೆಪ್ಪಾಗಿ ನಿಂತರು.

"ಏನಾಯ್ತು? ಏನಿದು?"

"ಬೆಲೆಬಾಳೋ ಸಾಮಾನು ಇಳೀತಿದೆ ಸ್ವಾಮಿ" ಎಂದ ಮೌನಿ. "ಗೋಡೆಗೆ ಅಂಟಿಕೊಳ್ಳಿ."

ಬುಗುರಿಗೆ ನಗು ಬಂತು. ನಕ್ಕದ್ದೇ ಹೊಟ್ಟೆ ಎಳೆಯಿತು. "ಅಯ್ಯೋ, ನಗಿಸಬೇಡವೋ ಪಾಪಿ" ಎನ್ನುತ್ತಲೇ ಅಳತೊಡಗಿದಳು. ಆ ಅಳುವಿನಲ್ಲೇ ನನ್ನ ಕಡೆ ತಿರುಗಿ ಕೇಳಿದಳು.

"ದೊಡ್ಡಮ್ಮ, ಅಮ್ಮ ದಿನಾ ಈ ಮೆಟ್ಟಿಲು ಹತ್ತಿದ್ಲು. ನನಗೋಸ್ಕರ. ಮೇಲೆ ಬಂದು ಬಾಗಿಲಲ್ಲಿ ಎದೆ ಹಿಡ್ಕೊಂಡು ನಿಲ್ತಿದ್ಲು. ನಾನು ಮಲಗಿದ್ದಲ್ಲಿಂದ ನೋಡ್ತಿದ್ದೆ. ಇದರಿಂದಲೇ ಹೋದ್ಲಾ?"

"ಅವಳ ಆಯಸ್ಸು ಅಷ್ಟೇ ಬರೆದಿತ್ತು ಮಗಳೇ."

"ದೇವರ ಮಾತು ಬೇಡ. ನಿಜ ಹೇಳು."

ನಾನು ಏನು ಹೇಳಲಿ? ದೇವರ ಲೆಕ್ಕ ನನಗೆ ಓದಲು ಬರುವುದಿಲ್ಲ. "ಗೊತ್ತಿಲ್ಲ" ಎಂದೆ. "ಆದ್ರೆ ಇದೊಂದು ಗೊತ್ತು. ಹತ್ತಬೇಡ ಅಂತ ನೀನು ಹೇಳಿದ್ರೆ ಅವಳು ಕೇಳ್ತಿದ್ಲಾ?"

"ಎಷ್ಟು ಸಲ ಹೇಳಿದೆ ಗೊತ್ತಾ?"

"ಕೇಳಿದ್ಲಾ?"

"ಎಲ್ಲಿ ಕೇಳ್ತಾಳೆ! ನೀನು ನನ್ನ ಹೆತ್ತಿದ್ದಾ, ನಾನು ನಿನ್ನ ಹೆತ್ತಿದ್ದಾ ಅಂದ್ಲು."

"ಅಷ್ಟೇ ಮತ್ತೆ. ಇಳಿ."

ಇಳಿದಳು. ಆದರೆ ಮೊದಲನೆಯ ಮಹಡಿಯ ಅಂಗಳದಂಥ ಸಮತಟ್ಟಿಗೆ ಬರುವಷ್ಟರಲ್ಲಿ ಅವಳ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಬೆರಳಿಟ್ಟು ನೋಡುತ್ತಾ ಕುಳಿತೆ. ಎಳೆಯ ಜೀವವೇ, ಈಗ ಬರಬೇಡ. ನಿನ್ನ ಅಜ್ಜಿ ಹೊರಟು ನಿಂತಿದ್ದಾಳೆ, ಒಂದೇ ಬಾಗಿಲಲ್ಲಿ ಇಬ್ಬರಿಗೂ ದಾರಿಯಾಗುವುದಿಲ್ಲ ಎಂದು ಮನಸ್ಸಿನಲ್ಲಿಯೇ ಬೇಡಿಕೊಂಡೆ. ನಿಧಾನವಾಗಿ ಹೊಟ್ಟೆ ಸಡಿಲಿತು. ಕಾದೆವು. ಮತ್ತೆ ಬಿಗಿಯಲಿಲ್ಲ.

ಅಷ್ಟರಲ್ಲಿ ಗಾಡಿಯವನೇ ಮೆಟ್ಟಿಲ ಬುಡಕ್ಕೆ ಬಂದಿದ್ದ. ಹಿಂದೆ ಅಳಿಯ, ಅವನ ತೋಳು ಹಿಡಿದು ಅಂಗಲಾಚುತ್ತಾ.

"ನನಗೂ ತಾಯಿ ಇದ್ದಾರೆ ಅಣ್ಣ, ಅರ್ಥ ಆಗುತ್ತೆ. ಆದ್ರೆ ಅಲ್ಲಿ ಬಾಗಿಲು ಹಾಕಿದ್ರೆ ಈ ಅಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗಲಿ? ಇನ್ನು ನಿಲ್ಲೋಕಾಗಲ್ಲ. ಅಲ್ದೆ ಇವರು ಕೆಳಗೆ ಬಂದ್ರೂ ಗಾಡಿ ಎತ್ತರ ಇದೆ. ಕಾಲೆತ್ತಿ ಹತ್ತೋಕೆ ಆಗುತ್ತಾ?"

ಯಾರೂ ಅದನ್ನು ಯೋಚಿಸಿರಲಿಲ್ಲ. ಬುಗುರಿಯ ಮುಖ ಬೂದಿಯಾಯಿತು. ಇಷ್ಟು ದೂರ ಬಂದೂ ಗಾಡಿಯ ಬಾಗಿಲಲ್ಲಿ ಬಿಳಿಯ ಹೊದಿಕೆಯ ತುದಿ ನೋಡಿ ಹಿಂದಿರುಗಬೇಕೆ? ಕೆಳಗೆ ಇನ್ನೂ ಒಂದು ಸಾಲು ಮೆಟ್ಟಿಲು ಉಳಿದಿತ್ತು.

ತಮ್ಮ ಪಟ್ಟಿಯ ತುದಿಯನ್ನು ಕಂಬಿಗೆ ಸುತ್ತಿ ನನ್ನ ಕೈಗೆ ಕೊಟ್ಟ. "ದೊಡ್ಡಕ್ಕ, ಸ್ವಲ್ಪ ಸ್ವಲ್ಪ ಬಿಡು. ಮೌನಿ, ಬಾ."

"ಎಲ್ಲಿಗೆ?"

"ಚಿಕ್ಕಕ್ಕನ್ನ ತರೋಣ."

ಗಾಡಿಯವನು ಅಡ್ಡ ನಿಂತ. "ದಾರಿಯಲ್ಲಿ ಇಳಿಸೋ ಹಾಗಿಲ್ಲ ಅಣ್ಣ. ಯಾರಾದ್ರೂ ನೋಡಿದ್ರೆ ನನ್ನ ಕೆಲಸ ಹೋಗುತ್ತೆ."

"ಇಳಿಸೋದು ನೀನಲ್ಲ, ನಾವು. ಎತ್ತೋದೇ ನಮ್ಮ ಕಸುಬು. ನೀನು ಆ ಕಡೆ ತಿರುಗಿ ನಿಂತ್ಕೋ."

ಅವನು ಆ ಕಡೆ ತಿರುಗಿ ನಿಲ್ಲಲಿಲ್ಲ. ಮೇಲೆ ಮೆಟ್ಟಿಲಲ್ಲಿ ಕಾಲು ಕಟ್ಟಿಸಿಕೊಂಡು ಕುಳಿತ ಹುಡುಗಿಯನ್ನು ಒಮ್ಮೆ ನೋಡಿದ. "ಇಬ್ಬರಿಗೆ ಆಗಲ್ಲ, ಆ ತುದಿ ನಾನು ಹಿಡೀತೀನಿ" ಎಂದು ಮುಂದೆ ನಡೆದ.

ನಾವು ಇಬ್ಬರೇ ಉಳಿದ ಮೆಟ್ಟಿಲುಗಳನ್ನು ಇಳಿದೆವು. ಅವಳ ಮುಂದೆ ಹಿಡಿಯಲು ಅಳಿಯ ಬಂದು ನಿಂತ. ಪುಕ್ಕಲನಾದರೂ ಜಾಗ ಬಿಟ್ಟು ಕದಲಲಿಲ್ಲ. ಪ್ರತಿ ಮೆಟ್ಟಿಲಿಗೂ ಅವಳ ಬಾಯಿಂದ ಸಣ್ಣದೊಂದು ಶಬ್ದ ಹೊರಡುತ್ತಿತ್ತು. ಅದು ಅಮ್ಮ ಎಂಬ ಮಾತೇ ಎಂದು ನನಗೆ ಕೊನೆಗೆ ತಿಳಿಯಿತು. ಕೊನೆಯ ಮೆಟ್ಟಿಲಿಗೆ ಬಂದು ಅವಳು ಕಂಬಿಗೆ ತಲೆ ಒರಗಿಸಿದಾಗ, ಬೀದಿಬಾಗಿಲಿನಿಂದ ಅವರು ಮೂವರೂ ನನ್ನ ತಂಗಿಯನ್ನು ಹೊತ್ತು ಒಳಗೆ ಬಂದರು.

ಬೇರೆಯವರ ಕನ್ನಡಿಯನ್ನು ಜೀವಮಾನವೆಲ್ಲ ಜೋಪಾನವಾಗಿ ಕಳಿಸಿದವಳು. ಅವಳನ್ನು ಹೊತ್ತವರ ಹೆಜ್ಜೆಯ ಸದ್ದು ಕೂಡ ಕೇಳಲಿಲ್ಲ. ಮಗಳ ಪಕ್ಕಕ್ಕೆ ತಂದು, ಅವಳ ಮಡಿಲಿನ ಎತ್ತರಕ್ಕೆ ಹಿಡಿದು ನಿಂತರು. ನಾನು ಮುಖದ ಮೇಲಿನ ಬಟ್ಟೆ ಸರಿಸಿದೆ. ನಿದ್ದೆಯಲ್ಲಿದ್ದಂತಿತ್ತು, ಹುಬ್ಬಿನ ನಡುವೆ ಯಾವಾಗಲೂ ಇರುತ್ತಿದ್ದ ಆ ಸಣ್ಣ ಗಂಟು ಮಾತ್ರ ಬಿಚ್ಚಿಹೋಗಿತ್ತು.

ಬುಗುರಿ ಮುಂದಕ್ಕೆ ಬಾಗಲು ನೋಡಿದಳು. ಹೊಟ್ಟೆ ಬಿಡಲಿಲ್ಲ, ಸೊಂಟ ಬಿಡಲಿಲ್ಲ.

"ಮಾವ, ಇನ್ನೂ ಸ್ವಲ್ಪ ಮೇಲೆ."

ಎತ್ತಿದರು.

"ಇನ್ನೂ ಸ್ವಲ್ಪ."

ತೋಳಿನ ನರ ಉಬ್ಬಿ ನಿಂತರೂ ಮೂವರೂ ಎತ್ತಿ ಹಿಡಿದರು, ತಾಯಿಯ ಕೆನ್ನೆ ಮಗಳ ಕೆನ್ನೆಗೆ ತಾಗುವವರೆಗೆ. ಅವಳು ಕಿವಿಯ ಹತ್ತಿರ ಏನೋ ಹೇಳಿದಳು. ಅದು ನನಗೆ ಕೇಳಿಸಲಿಲ್ಲ, ಕೇಳಿಸಬೇಕಾದದ್ದೂ ಅಲ್ಲ. ಹೇಳಿ ಮುಗಿಸಿ, ತಾನೇ ಬಟ್ಟೆ ಎಳೆದು ಮುಖ ಮುಚ್ಚಿ, "ಹೊರಡಿ, ಬಾಗಿಲು ಹಾಕಿಬಿಡ್ತಾರೆ" ಎಂದಳು.

ಗಾಡಿ ಹೋಯಿತು. ತಮ್ಮ, ಅಳಿಯ, ಮೌನಿ ಅದರೊಂದಿಗೆ ಹೋದರು. ಕೂಡಹುಟ್ಟಿದವಳಿಗೆ ಕೊನೆಯ ಗಳಿಗೆಯಲ್ಲಿ ಜೊತೆಯಾಗಬೇಕೆಂದು ನನ್ನ ಜೀವ ಎಳೆಯಿತು. ಆದರೆ ಅವಳು ಬಿಟ್ಟುಹೋದ ಕೆಲಸ ಇಲ್ಲೇ ಮೆಟ್ಟಿಲ ಮೇಲೆ ಕುಳಿತಿತ್ತು. ನೆಲಮಹಡಿಯ ಮನೆಯಾಕೆ ಹೊರಗೆ ಬಂದು, ನಮ್ಮ ಕೋಣೆಯಲ್ಲಿ ಹಾಸಿಗೆ ಹಾಕುತ್ತೇನೆ, ಹೆರಿಗೆಯವರೆಗೆ ಇಲ್ಲೇ ಇರಲಿ, ಮೇಲೆ ಹತ್ತಿಸಬೇಡಿ ಎಂದರು. ಹಾಸಿಗೆ ಸಿದ್ಧವಾಗುವವರೆಗೆ ಬುಗುರಿಯ ತಲೆ ನನ್ನ ಹೆಗಲ ಮೇಲಿತ್ತು. ಪಟ್ಟಿ ಬಿಚ್ಚಲೇ ಎಂದು ಕೇಳಿದೆ. ಸದ್ಯಕ್ಕೆ ಇರಲಿ ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ದೊಡ್ಡಮ್ಮ, ಪ್ರಾರ್ಥನೆ ಹೇಳು. ಈಗ ಕೇಳ್ತೀನಿ" ಎಂದಳು. ನಾನು ಹೇಳಿದೆ, ಅವಳು ನನ್ನ ಹಿಂದೆ ಹೇಳಿದಳು.

ದೇವರೇ, ನಮ್ಮವಳು ಇಂದು ನಿನ್ನ ಬಾಗಿಲಿಗೆ ಬರುತ್ತಿದ್ದಾಳೆ. ಬಹಳ ದಣಿದಿದ್ದಾಳೆ, ಅವಳನ್ನು ನಿಲ್ಲಿಸಿ ಏನೂ ಕೇಳಬೇಡ. ತಿಳಿದು ಮಾಡಿದ ತಪ್ಪನ್ನೂ ತಿಳಿಯದೆ ಮಾಡಿದ ತಪ್ಪನ್ನೂ ಕ್ಷಮಿಸು. ಇಲ್ಲಿ ಉಳಿದವರ ಚಿಂತೆ ಅವಳ ಬೆನ್ನು ಹತ್ತದಿರಲಿ. ಆ ಚಿಂತೆಯನ್ನು ನೀನೇ ಹೊತ್ತುಕೋ. ನಿನ್ನ ಹತ್ತಿರ ಅವಳಿಗೆ ಜಾಗ ಕೊಡು, ನಿನ್ನ ಬೆಳಕಿನಲ್ಲಿ ಮಲಗಿಸು. ಅವಳ ಆತ್ಮ ಶಾಂತವಾಗಿರಲಿ, ಶಾಂತವಾಗಿರಲಿ, ಶಾಂತವಾಗಿರಲಿ.